ರುಂಡವಿಲ್ಲದ ಮುಂಡದ ಪರವಾಗಿ

"ಯಾರೂ ನೋಡದ ಕಂಪ್ಯೂಟರ್ ಯಾಕೋ ಉರೀತಾ ಇರ್ಬೇಕು?"

ನಮ್ಮಮ್ಮ ಈ ಪ್ರಶ್ನೆ ಕೇಳಲು ಶುರುಮಾಡಿ ನಾಲ್ಕೈದು ವರ್ಷವಾಯಿತು. ಊರ ಮನೆಯ ಜಗುಲಿಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ, ಮಣೆಯೊಂದರ ಮೇಲೆ, ಒಂದು ಹಳೇ ಕಂಪ್ಯೂಟರ್ ಕೂತಿದೆ. ಮಾನಿಟರ್ ಇಲ್ಲ. ಕೀಬೋರ್ಡ್ ಇಲ್ಲ. ಮೌಸ್ ಇಲ್ಲ. ಬೆನ್ನಿನಿಂದ ಹೊರಡುವುದು ಎರಡೇ ತಂತಿ. ಒಂದು ಕರೆಂಟಿನದು, ಇನ್ನೊಂದು ರೌಟರಿಗೆ ಹೋಗುವ ನೆಟ್‌ವರ್ಕ್ ಕೇಬಲ್ಲು. ಮುಂದೆ ಒಂದು ಹಸಿರು ದೀಪ. ಮನೆಗೆ ಬಂದ ನೆಂಟರು ಅದನ್ನು ಸ್ಟೆಬಿಲೈಸರ್ ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಕೋಣೆಯಿಂದ ಹೊರಗೆ ಬರುವಾಗ ದೀಪ ಆರಿಸಿ ಬರಬೇಕು ಎಂದು ನಮ್ಮನ್ನು ಬೆಳೆಸಿದವಳು ಅಮ್ಮ. ಹಾಗಾಗಿ ಮೊದಲ ತಿಂಗಳು ನಡೆದದ್ದು ಇಷ್ಟೇ: ಭಾನುವಾರ ನಾನು ಎಲ್ಲ ಸರಿಮಾಡಿ ಬೆಂಗಳೂರಿನ ಬಸ್ಸು ಹತ್ತುವುದು, ಸೋಮವಾರ ಬೆಳಿಗ್ಗೆ ಕಸ ಗುಡಿಸುವಾಗ ಅವಳು ಗೋಡೆಯ ಸ್ವಿಚ್ಚನ್ನು ಟಕ್ ಅಂತ ಆರಿಸುವುದು. ಅವಳ ದೃಷ್ಟಿಯಲ್ಲಿ ಅದೇನೂ ತಪ್ಪಲ್ಲ. ಪರದೆ ಇಲ್ಲದ ಮೇಲೆ ಅದು ಕೆಲಸ ಮಾಡುತ್ತಿದೆ ಅಂತ ನಂಬುವುದಾದರೂ ಹೇಗೆ?

ಈಗ ಇದನ್ನೆಲ್ಲ ಬರೆಯುವುದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಚಿಪ್ಪು ಬೇಕು, ಪ್ರೊಸೆಸರ್ ಇಂಥದ್ದೇ ಆಗಿರಬೇಕು. ಅಂದಿನಿಂದ ನನ್ನ ಗೆಳೆಯರು, ಭಾವ, ಚಿಕ್ಕಪ್ಪನ ಮಗ ಎಲ್ಲರದೂ ಒಂದೇ ಪ್ರಶ್ನೆ. "ಹಳೇದು ಗುಜರಿಗೆ ಹಾಕ್ಲಾ?" ನನ್ನ ಉತ್ತರವೂ ಒಂದೇ. ಹಾಕಬೇಡಿ. ಮೊದಲು ಮಾನಿಟರ್ ಕಿತ್ತು ನೋಡಿ.

ನನ್ನದು 2008ರಲ್ಲಿ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಕೋರ್ 2 ಡ್ಯುಯೋ, 2 ಜಿಬಿ ಡಿಡಿಆರ್2 ರ್‍ಯಾಮ್, ಜತೆಗೆ ಎತ್ತಿದರೆ ಸೊಂಟ ಹಿಡಿಯುವಂಥ 17 ಇಂಚಿನ ಡಬ್ಬಾ ಮಾನಿಟರ್. ಆನ್ ಮಾಡಿದರೆ 'ಢಣ್' ಎಂದು ಸದ್ದು ಮಾಡಿ ಒಮ್ಮೆ ನಡುಗುತ್ತಿತ್ತಲ್ಲ, ಅಂಥದ್ದು. 2013ರಲ್ಲಿ ಆ ಮಾನಿಟರ್ ಕೆಟ್ಟಿತು. ಮಾನಿಟರ್ ಹೋಯಿತು ಅಂದಮೇಲೆ ಕಂಪ್ಯೂಟರ್ರೇ ಹೋಯಿತು ಎಂದು ಮನೆಯವರೆಲ್ಲ ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡಿದ್ದೆ, ಕಂಪ್ಯೂಟರ್ ಕೆಲಸದಿಂದಲೇ ಹೊಟ್ಟೆ ಹೊರೆಯುವವನಾಗಿ! ಮಾನಿಟರ್ ಗುಜರಿಯವನ ತಳ್ಳುಗಾಡಿ ಹತ್ತಿತು. ಪೆಟ್ಟಿಗೆ ಅಟ್ಟ ಹತ್ತಿತು. ಆ ಡಬ್ಬಾ ಮಾನಿಟರಿನ ಗಾಜಿನಲ್ಲಿ ಸೀಸ ಇರುತ್ತದೆ, ಅದನ್ನು ಹಾಗೆ ತಳ್ಳುಗಾಡಿಗೆ ಹಾಕಬಾರದಿತ್ತು ಎಂಬುದು ಆಮೇಲೆ ಹೊಳೆಯಿತು. ಅದರ ಬಗ್ಗೆ ನನಗೆ ಇವತ್ತಿಗೂ ಸಮಾಧಾನವಿಲ್ಲ.

ನಮ್ಮಲ್ಲಿ ಮಾತೇ ಹಾಗಿದೆ ನೋಡಿ. ಪರದೆಗೆ 'ಕಂಪ್ಯೂಟರ್' ಅನ್ನುತ್ತೇವೆ, ಪೆಟ್ಟಿಗೆಗೆ 'ಸಿಪಿಯು' ಅನ್ನುತ್ತೇವೆ. ಸಿಪಿಯು ಅಂದರೆ ಆ ಪೆಟ್ಟಿಗೆಯೊಳಗೆ ಫ್ಯಾನಿನ ಕೆಳಗೆ ಕೂತ, ಬೆಂಕಿಪೊಟ್ಟಣದ ಅಗಲದ ಒಂದು ಬಿಲ್ಲೆ ಮಾತ್ರ. ರಿಪೇರಿ ಅಂಗಡಿಯವನೂ "ಸಿಪಿಯು ತಗೊಂಡ್ಬನ್ನಿ ಸಾರ್, ಕಂಪ್ಯೂಟರ್ ಬೇಡ" ಅನ್ನುತ್ತಾನೆ. ಮಾನಿಟರ್ ಇಲ್ಲದೆ ಓಡುವ ಯಂತ್ರಕ್ಕೆ ಇಂಗ್ಲಿಷಿನವರು 'ಹೆಡ್‌ಲೆಸ್' ಅಂತ ಹೆಸರಿಟ್ಟರು. ಕನ್ನಡಕ್ಕೆ ತಂದರೆ ರುಂಡವಿಲ್ಲದ ಮುಂಡ. ಯಕ್ಷಗಾನದ ಯುದ್ಧದ ಸನ್ನಿವೇಶ ನೆನಪಾಗುತ್ತದೆ. ಆದರೆ ಹೆಸರು ತಪ್ಪು ಎಂಬುದು ನನ್ನ ತಕರಾರು. ಮಿದುಳು ಪೆಟ್ಟಿಗೆಯಲ್ಲೇ ಇದೆಯಲ್ಲ. ಹೋಗಿರುವುದು ಮುಖ ಅಷ್ಟೆ.

ಮುಖವಂತೂ ಕಂಪ್ಯೂಟರಿಗೆ ಹುಟ್ಟಿನಿಂದ ಬಂದದ್ದಲ್ಲ. 1969ರಲ್ಲಿ ಯುನಿಕ್ಸ್ ಹುಟ್ಟಿದಾಗ ಅದರ ಜತೆ ಮಾತಾಡುತ್ತಿದ್ದುದು ಟೆಲಿಟೈಪ್ ಎಂಬ ಟೈಪ್‌ರೈಟರಿನಂಥ ಯಂತ್ರದಲ್ಲಿ. ನೀವು ಕುಟ್ಟಿದ್ದೂ ಕಾಗದದ ಮೇಲೆ, ಅದು ಕೊಟ್ಟ ಉತ್ತರವೂ ಕಾಗದದ ಮೇಲೆ. ಇವತ್ತಿಗೂ ಲಿನಕ್ಸಿನಲ್ಲಿ ಟರ್ಮಿನಲ್ಲಿಗೆ 'ಟಿಟಿವೈ' ಎಂಬ ಅಡ್ಡಹೆಸರು ಉಳಿದಿರುವುದು ಅದೇ ಟೆಲಿಟೈಪಿನಿಂದ. ಇನ್ನು ದೂರದಿಂದ ಗುಟ್ಟಾಗಿ ಮಾತಾಡುವ ಎಸ್‌ಎಸ್‌ಎಚ್. ಅದನ್ನು 1995ರಲ್ಲಿ ಫಿನ್‌ಲೆಂಡಿನ ಟಾಟು ಯುಲೋನೆನ್ ಬರೆದರು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದು ಕೇಳಿದ್ದರಂತೆ, ಅದಕ್ಕೆ ಉತ್ತರವಾಗಿ ಬಂದ ತಂತ್ರಾಂಶ ಅದು. ಅಂದರೆ ಮೂವತ್ತು ವರ್ಷದಿಂದ ಜಗತ್ತಿನ ಸರ್ವರುಗಳೆಲ್ಲ ಮುಖವಿಲ್ಲದೆಯೇ ಓಡುತ್ತಿವೆ. ಮನೆಯಲ್ಲಿ ಮಾತ್ರ ನಮಗೆ ಮುಖ ಬೇಕು.

ಅದಿರಲಿ. 2021ರಲ್ಲಿ ಊರಿನ ಮನೆಗೆ ಫೈಬರ್ ಬಂತು. ಆಗ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ಪಕ್ಕದ ಮನೆಯವರ ಮಾನಿಟರ್ ಒಂದು ದಿನಕ್ಕೆ ಎರವಲು ತಂದು ಡೆಬಿಯನ್ ಹಾಕಿದೆ. ಸಂಜೆ ವಾಪಸ್ ಕೊಟ್ಟೆ. ಅಷ್ಟೇ ಸಂಬಂಧ.

ಇಷ್ಟೆಲ್ಲ ಯಾಕೆ ಬೇಕಿತ್ತು? ಅಪ್ಪನ ಕ್ಯಾಸೆಟ್ಟುಗಳಿಗಾಗಿ. ಅಪ್ಪನಿಗೆ ತಾಳಮದ್ದಲೆಯ ಹುಚ್ಚು. ಎಪ್ಪತ್ತು-ಎಂಬತ್ತರ ದಶಕದಿಂದ ಎಲ್ಲೆಲ್ಲಿ ಕೂಟ ನಡೆದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಇಟ್ಟು ಬರುತ್ತಿದ್ದರು. 140 ಕ್ಯಾಸೆಟ್, ಒಂದೊಂದೂ 90 ನಿಮಿಷದ್ದು. ಒಟ್ಟು 210 ಗಂಟೆ. ಕೊರೋನಾ ಕಾಲದಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಇವನ್ನೆಲ್ಲ ಒಂದೊಂದಾಗಿ ಎಂಪಿ3 ಮಾಡಿದೆ. 128 ಕೆಬಿಪಿಎಸ್ ಲೆಕ್ಕದಲ್ಲಿ ಕ್ಯಾಸೆಟ್ಟಿಗೆ ಸುಮಾರು 86 ಎಂಬಿ, ಎಲ್ಲ ಸೇರಿ 12 ಜಿಬಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಕೆಲವು ಕ್ಯಾಸೆಟ್ಟುಗಳು ಒಂದೇ ಸಲ ಓಡಿ ಆಮೇಲೆ ತುಂಡಾದವು. ಅವುಗಳಿಗೆ ಈಗ ಇರುವುದು ಈ ಫೈಲುಗಳು ಮಾತ್ರ.

ಸಂಜೆ ಐದೂವರೆಗೆ ಅಪ್ಪ ಜಗುಲಿಯಲ್ಲಿ ಕೂತು, ಮೊಬೈಲಿನಲ್ಲಿ ವಿಎಲ್‌ಸಿ ತೆರೆದು, 'ಮನೆ ಪೆಟ್ಟಿಗೆ' ಅಂತ ಕಾಣುವ ಫೋಲ್ಡರ್ ಒತ್ತಿ ಕೃಷ್ಣಸಂಧಾನವೋ ವಾಲಿವಧೆಯೋ ಹಾಕಿಕೊಳ್ಳುತ್ತಾರೆ. ಆ ಶಬ್ದ ಎಲ್ಲಿಂದ ಬರುತ್ತಿದೆ ಎಂದು ಅವರಿಗೂ ಸ್ಪಷ್ಟವಿರಲಿಲ್ಲ. "ಬೆಂಗಳೂರಿಂದ ಕಳಿಸ್ತಾನೆ" ಅಂತ ಯಾರಿಗೋ ಹೇಳುತ್ತಿದ್ದರಂತೆ.

ನೀವು ಕೇಳಬಹುದು, 12 ಜಿಬಿ ತಾನೇ, ಮೊಬೈಲಿನ ಮೆಮರಿ ಕಾರ್ಡಿಗೇ ತುಂಬಿಸಿ ಕೊಡಬಹುದಿತ್ತಲ್ಲ? ನ್ಯಾಯವಾದ ಪ್ರಶ್ನೆ. ಕೊಟ್ಟಿದ್ದೆ. ಮೊದಲ ಕಾರ್ಡು ಎಂಟು ತಿಂಗಳಿಗೆ ಕೆಟ್ಟಿತು. ಎರಡನೆಯದು ಫೋನು ಬದಲಾಯಿಸುವಾಗ ಕಳೆಯಿತು. ಹೊಸ ಫೋನಿಗೆ ಕಾರ್ಡು ಹಾಕುವ ಜಾಗವೇ ಇರಲಿಲ್ಲ. ಇನ್ನು ಯಾವುದಾದರೂ ಪುಕ್ಕಟೆ ಜಾಗಕ್ಕೆ ಏರಿಸಿ ಬಿಡುವುದು... ನಾವು ಕನ್ನಡದಲ್ಲಿ ಬ್ಲಾಗಿಸುವ ಮಂದಿಗೆ ಅದರ ಕಥೆ ಹೇಳಬೇಕೆ? ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಯಾಹೂ 360 ಕೂಡ ಅದೇ ವರ್ಷ. ಗೂಗಲ್ ರೀಡರ್ 2013ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ. ಪ್ರತಿ ಸಲವೂ "ಇಂತಿಷ್ಟು ದಿನದೊಳಗೆ ನಿಮ್ಮ ಸಾಮಾನು ಎತ್ತಿಕೊಳ್ಳಿ" ಎಂದು ನೋಟೀಸು. ಎತ್ತಿಕೊಂಡು ಹೋಗಿ ಇಡುವುದಕ್ಕೆ ಒಂದು ಜಾಗ ನಮ್ಮದೇ ಅಂತ ಇದ್ದರೆ ವಾಸಿ. ಆ ಜಾಗ ಹೊಸದಾಗಿರಬೇಕಿಲ್ಲ, ಚಂದ ಇರಬೇಕಿಲ್ಲ, ಮುಖ ತೋರಿಸಬೇಕಂತೂ ಇಲ್ಲ. ನನ್ನ 2006ರಿಂದೀಚಿನ ಬರಹಗಳೆಲ್ಲವೂ ಅದೇ ಮಣೆಯ ಮೇಲಿವೆ.

ಕನ್ನಡದ ವಿಷಯ ಬಂತಲ್ಲ, ಒಂದು ಮಜಾ ಸಂಗತಿ. ಲಿನಕ್ಸಿನ ಬರೀ ಕಪ್ಪು ಪರದೆ ಇದೆಯಲ್ಲ, ಅದಕ್ಕೆ ಕನ್ನಡ ಬರುವುದಿಲ್ಲ. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತಕ್ಷರ ಜೋಡಿಸುವ ವಿದ್ಯೆಯಂತೂ ಗೊತ್ತೇ ಇಲ್ಲ. ಮಾನಿಟರ್ ಹಾಕಿ ನೋಡಿದರೆ ಫೈಲಿನ ಹೆಸರೆಲ್ಲ ಚೌಕ ಚೌಕ. ಅದೇ ಯಂತ್ರಕ್ಕೆ ಬೆಂಗಳೂರಿನಿಂದ ಎಸ್‌ಎಸ್‌ಎಚ್ ಮಾಡಿದರೆ ಕನ್ನಡ ಕಾಣುತ್ತದೆ. ಅಕ್ಷರ ಬರೆಯುವುದು ನನ್ನ ಮುಂದಿರುವ ಲ್ಯಾಪ್‌ಟಾಪು, ಆ ಪೆಟ್ಟಿಗೆ ಬರೀ ಯೂನಿಕೋಡ್ ಸಂಖ್ಯೆಗಳನ್ನು ದಾಟಿಸುತ್ತದೆ. ಮಾನಿಟರ್ ಇದ್ದಾಗ ಬಾರದ ಕನ್ನಡ, ಮಾನಿಟರ್ ಕಿತ್ತ ಮೇಲೆ ಬಂತು! :-)

ಆದರೆ ಅದಕ್ಕೂ ಒಂದು ಮಿತಿ ಇದೆ. ಅಪ್ಪನಿಗೆ ಫೈಲಿನ ಹೆಸರಿನಲ್ಲೇ ಪ್ರಸಂಗ, ಅರ್ಥಧಾರಿಗಳು, ಭಾಗವತರು, ಊರು, ತೇದಿ ಎಲ್ಲ ಇರಬೇಕು. ಹಾಳೆಯಲ್ಲಿ ಬರೆದು ಕೊಟ್ಟರು, ನಾನು ಕುಟ್ಟಿದೆ. "ಹೆಸರು ಉದ್ದವಾಯಿತು" ಎಂದು ಯಂತ್ರ ಬೈಯಿತು. ಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಾತ್ರ. ಇಂಗ್ಲಿಷಿನವರಿಗೆ ಅದು 255 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಹಾಗಾಗಿ ನಮಗೆ ಸಿಗುವುದು 85. ಅದರಲ್ಲೂ 'ಸ್ತ್ರೀ' ಎಂಬ ಒಂದಕ್ಷರ ಬರೆದರೆ ಸ, ವಿರಾಮ, ತ, ವಿರಾಮ, ರ, ದೀರ್ಘ ಅಂತ ಆರು ಚಿಹ್ನೆ, 18 ಬೈಟ್. ಕೊನೆಗೆ ಊರು-ತೇದಿಗಳನ್ನು ಬೇರೆ ಕಡತಕ್ಕೆ ಹಾಕಿ ರಾಜಿಯಾದೆವು. ಅಪ್ಪನಿಗೆ ಅದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ಈಗ ಎಲ್ಲರೂ ಮಾಡುವ ತಪ್ಪಿಗೆ ಬರುತ್ತೇನೆ. ನಾನೂ ಮಾಡಿದ್ದು.

ಹಳೇ ಯಂತ್ರವನ್ನು ಮುಖವಿಲ್ಲದೆ ಓಡಿಸಲು ಲಿನಕ್ಸ್ ಕಲಿಯುವುದು ದೊಡ್ಡ ವಿಷಯವಲ್ಲ. ನಿಜವಾದ ಕಷ್ಟ ಇರುವುದು ಲಿನಕ್ಸಿಗೂ ಮೊದಲು ಏಳುವ ಬಯಾಸಿನಲ್ಲಿ. ಆ ಕಾಲದ ಬಯಾಸ್‌ಗಳಿಗೆ ಕೀಬೋರ್ಡ್ ಕಾಣದಿದ್ದರೆ ಗಾಬರಿ. "ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ" ಎಂದು ಕೂತುಬಿಡುತ್ತವೆ. ಕೀಬೋರ್ಡೇ ಇಲ್ಲದವನು ಎಫ್1 ಎಲ್ಲಿಂದ ಒತ್ತಬೇಕು ಎಂದು ಬರೆದವನು ಯೋಚಿಸಲಿಲ್ಲವೋ ಏನೋ. ಇದಕ್ಕೆ ಸೆಟಪ್ಪಿನೊಳಗೆ 'ಹಾಲ್ಟ್ ಆನ್' ಅಥವಾ ಅಂಥದೇ ಹೆಸರಿನ ಒಂದು ಆಯ್ಕೆ ಇರುತ್ತದೆ, ಅದನ್ನು 'ನೋ ಎರರ್ಸ್' ಮಾಡಿಡಬೇಕು. ಇನ್ನೊಂದು, ಹೋದ ಕರೆಂಟು ವಾಪಸ್ ಬಂದಾಗ ಯಂತ್ರ ಏನು ಮಾಡಬೇಕು ಎಂಬ ಆಯ್ಕೆ. ಸಾಮಾನ್ಯವಾಗಿ 'ಆಫ್ ಆಗಿಯೇ ಇರು' ಅಂತ ಇರುತ್ತದೆ. ನಮ್ಮ ಮಲೆನಾಡಿನಲ್ಲಿ ಇದನ್ನು ಬದಲಾಯಿಸದಿದ್ದರೆ ಪೆಟ್ಟಿಗೆ ವರ್ಷದಲ್ಲಿ ಆರು ತಿಂಗಳು ನಿದ್ದೆ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಕಿತ್ತರೆ ಕೆಲವು ಹಳೇ ಬೋರ್ಡುಗಳು ಏಳುವುದೇ ಇಲ್ಲ, ಬೀಪ್ ಬೀಪ್ ಎಂದು ಅಳುತ್ತವೆ. ಬೋರ್ಡಿನಲ್ಲೇ ಗ್ರಾಫಿಕ್ಸ್ ಇದ್ದರೆ ಆ ತಕರಾರು ಕಡಿಮೆ.

ಇದನ್ನೆಲ್ಲ ನಾನು ಮಾಡಿದ್ದೆ. ಮಾಡಿ ಬೀಗಿದ್ದೆ ಕೂಡ. ಮರೆತದ್ದು ಒಂದು ಸಣ್ಣ ನಾಣ್ಯದಂಥ ವಸ್ತು. ಈ ಆಯ್ಕೆಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಮದರ್‌ಬೋರ್ಡಿನ ಮೇಲಿನ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ. ಅದು 2008ರದ್ದೇ.

2024ರ ಮೇ ತಿಂಗಳು. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲು. ನಮ್ಮ ಕಡೆ ಗುಡುಗು ಶುರುವಾದರೆ ಟಿವಿ, ಫ್ರಿಜ್ಜು, ರೌಟರು ಎಲ್ಲದರ ಪ್ಲಗ್ ಕಿತ್ತಿಡುವುದು ಪದ್ಧತಿ, ಸರಿಯಾದ ಪದ್ಧತಿಯೇ. ಒಂದೆರಡು ಗಂಟೆ ಕಿತ್ತಿಟ್ಟರೆ ಆ ಮುದಿ ಬ್ಯಾಟರಿ ಹೇಗೋ ತಡೆದುಕೊಳ್ಳುತ್ತಿತ್ತು. ಆ ಸಲ ಎರಡು ದಿನ ಪ್ಲಗ್ ಹಾಕಲಿಲ್ಲ. ಮೂರನೇ ದಿನ ಹಾಕಿದಾಗ ಪೆಟ್ಟಿಗೆಗೆ ಎಲ್ಲ ಮರೆತುಹೋಗಿತ್ತು. ಪ್ಲಗ್ ಹಾಕಿದ ಕೂಡಲೇ ತಾನಾಗಿ ಏಳುತ್ತಿದ್ದದ್ದು ಏಳಲಿಲ್ಲ. ಅಮ್ಮ ಬಟನ್ ಒತ್ತಿ ಎಬ್ಬಿಸಿದಳು. ಎದ್ದಿತು, ಆದರೆ ನನಗೆ ಸಿಗಲಿಲ್ಲ. ಅಪ್ಪನ ಫೋನಿನಲ್ಲಿ 'ಮನೆ ಪೆಟ್ಟಿಗೆ' ಕಾಣಲಿಲ್ಲ.

ನಾನು ಬೆಂಗಳೂರಿನಲ್ಲಿ. ಅಮ್ಮ ಫೋನಿನಲ್ಲಿ. ವಿಡಿಯೋ ಕಾಲ್ ಮಾಡಿದರೆ ನನಗೆ ಕಂಡದ್ದು ಮನೆಯ ಮಾಡು ಮತ್ತು ಅಮ್ಮನ ಹಣೆ.

"ದೀಪ ಹತ್ತಿದೆ ಕಣೋ. ಫ್ಯಾನೂ ತಿರುಗ್ತಾ ಇದೆ. ಇನ್ನೇನು ಬೇಕು ನಿಂಗೆ?"

"ಒಳಗೆ ಅದು ಏನೋ ಕೇಳ್ತಾ ಕೂತಿದೆ ಅಮ್ಮ. ಉತ್ರ ಕೊಡೋರಿಲ್ಲ."

"ಏನು ಕೇಳ್ತಾ ಇದೆ?"

"ಅದೇ ಗೊತ್ತಾಗ್ಬೇಕು."

ಅಟ್ಟದಿಂದ ಹಳೇ ಕೀಬೋರ್ಡ್ ಇಳಿಸಿದಳು. ಉರುಟು ಪಿನ್ನಿನದು. ಅದನ್ನು ಓಡುತ್ತಿರುವ ಯಂತ್ರಕ್ಕೆ ಚುಚ್ಚಬಾರದು, ಮೊದಲು ಆರಿಸಬೇಕು. ಹಿಂದೆ ಹಸಿರು ಮತ್ತು ನೇರಳೆ ಬಣ್ಣದ ಎರಡು ತೂತು ಇರುತ್ತವೆ, ನೇರಳೆಗೆ ಹಾಕು ಅಂದೆ. "ಇಲ್ಲಿ ಎಲ್ಲಾ ಒಂದೇ ಬಣ್ಣ, ಧೂಳಿನ ಬಣ್ಣ" ಅಂದಳು. ಸೆರಗಿನಲ್ಲಿ ಒರೆಸಿ ಕಂಡುಹಿಡಿದಳು. ಆನ್ ಮಾಡಿ ನಮ್ ಲಾಕ್ ಒತ್ತಲು ಹೇಳಿದೆ.

"ಒತ್ತಿದ್ರೆ ಹತ್ತುತ್ತೆ. ಮತ್ತೆ ಒತ್ತಿದ್ರೆ ಆರುತ್ತೆ."

ನನಗೆ ಅರ್ಧ ಜೀವ ಬಂತು. ಪರದೆ ಇಲ್ಲದಾಗ ಇದಕ್ಕಿಂತ ಒಳ್ಳೆಯ ನಾಡಿ ಪರೀಕ್ಷೆ ಇಲ್ಲ. ನಮ್ ಲಾಕ್ ದೀಪ ಮಾತು ಕೇಳುತ್ತದೆ ಅಂದರೆ ಯಂತ್ರ ಸತ್ತಿಲ್ಲ, ಎಲ್ಲೋ ನಿಂತಿದೆ ಅಷ್ಟೆ. ಎಫ್1 ಒತ್ತಲು ಹೇಳಿದೆ. ಒತ್ತಿದಳು. ಹತ್ತು ನಿಮಿಷ ಕಾದೆವು. ಏನೂ ಇಲ್ಲ. ಆಗ ಮದರ್‌ಬೋರ್ಡಿನ ಮ್ಯಾನ್ಯುಯಲ್ ಹುಡುಕಿ ತೆಗೆದು ಓದಿದೆ. ಕೆಲವು ಬಯಾಸ್‌ಗಳಲ್ಲಿ ಎಫ್1 ಅಂದರೆ ಮುಂದುವರಿ. ನನ್ನದರಲ್ಲಿ ಎಫ್1 ಅಂದರೆ ಸೆಟಪ್ಪಿಗೆ ಹೋಗು, ಎಫ್2 ಅಂದರೆ ಇದ್ದಬದ್ದ ಮೂಲ ಆಯ್ಕೆಗಳನ್ನು ಹಾಕಿಕೊಂಡು ಮುಂದುವರಿ. ನಾನು ಪಾಪ ಅಮ್ಮನನ್ನು ಕಾಣದ ಸೆಟಪ್ಪಿನೊಳಗೆ ಕಳಿಸಿ ಹತ್ತು ನಿಮಿಷ ಕೂರಿಸಿದ್ದೆ!

ಮತ್ತೆ ಆರಿಸಿ, ಮತ್ತೆ ಹಾಕಿ, ಎಫ್2. ಎರಡು ನಿಮಿಷ. ನನ್ನ ಪರದೆಯ ಮೇಲೆ ಪೆಟ್ಟಿಗೆ ಉಸಿರಾಡಿತು. ಒಳಗೆ ಹೋಗಿ ನೋಡಿದರೆ ಲಾಗಿನ ಮೊದಲ ಸಾಲುಗಳಲ್ಲಿ ತೇದಿ 2007ರ ಜನವರಿ. ಆಮೇಲೆ ಅಂತರ್ಜಾಲದಿಂದ ಸರಿಯಾದ ಸಮಯ ತಿಳಿದುಕೊಂಡು 2024ಕ್ಕೆ ಹಾರಿತ್ತು. ಅಪ್ಪನಿಗೆ ಆ ಎರಡು ಮೂರು ದಿನ ಸಂಜೆ ಹೊತ್ತು ಹೋಗಿರಲಿಲ್ಲವಂತೆ. ಅಷ್ಟರ ಮಟ್ಟಿಗೆ ಅದರ ಮೇಲೆ ಅವಲಂಬಿತರಾಗಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಕೇಳಿ ಖುಷಿಗಿಂತ ಹೆಚ್ಚು ಹೆದರಿಕೆಯಾಯಿತು. ಮುಂದಿನ ವಾರ ಊರಿಗೆ ಹೋಗುವಾಗ ಗಡಿಯಾರ ರಿಪೇರಿ ಅಂಗಡಿಯಲ್ಲಿ ಎರಡು ಬಿಲ್ಲೆ ಬ್ಯಾಟರಿ ಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಕುಡಿದ ಕಾಫಿ, ತಿಂದ ತಿಂಡಿಗಿಂತ ಅಗ್ಗ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಹಳೇ ಯಂತ್ರದ ಮುಖ ತೆಗೆಯುವ ಮೊದಲು ಬ್ಯಾಟರಿ ಬದಲಾಯಿಸಿ. ಕೀಬೋರ್ಡನ್ನು ಅಟ್ಟಕ್ಕೆ ಹಾಕಬೇಡಿ, ಪಕ್ಕದಲ್ಲೇ ಮೊಳೆಗೆ ನೇತುಹಾಕಿ. ಮನೆಯಲ್ಲಿ ಇರುವವರಿಗೆ ಅದು ಏನು ಮಾಡುತ್ತಿದೆ ಎಂದು ಹೇಳಿ. ಮೂರನೆಯದನ್ನು ನಾನು ಮೂರು ವರ್ಷ ಮಾಡಿರಲಿಲ್ಲ. ಅಪ್ಪ ಕೇಳುವ ತಾಳಮದ್ದಲೆ ಬರುವುದು ಬೆಂಗಳೂರಿನಿಂದಲ್ಲ, ಇದರ ಹೊಟ್ಟೆಯಿಂದ ಎಂದು ಅಮ್ಮನಿಗೆ ಗೊತ್ತಾದದ್ದೇ ಅವತ್ತು. ಸ್ವಿಚ್ಚು ಆರಿಸುವುದು ಅಲ್ಲಿಗೆ ನಿಂತಿತು.

ಇನ್ನು ಕರೆಂಟಿನ ಲೆಕ್ಕ. ಈ ವಿಷಯದಲ್ಲಿ ಅಮ್ಮನ ಪ್ರಶ್ನೆ ನೂರಕ್ಕೆ ನೂರು ಸರಿ, ನಮ್ಮಂಥವರು ಇದನ್ನು ಮುಚ್ಚಿಡುತ್ತೇವೆ. ಪ್ಲಗ್ಗಿಗೆ ವಾಟ್ ಅಳೆಯುವ ಮೀಟರ್ ಹಾಕಿ ನೋಡಿದಾಗ ಪೆಟ್ಟಿಗೆ ಸುಮ್ಮನೆ ಕೂತಾಗಲೂ 50 ವಾಟ್ ಕುಡಿಯುತ್ತಿತ್ತು. ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ರಾಸ್‌ಬೆರಿ ಪೈಯಂಥ ಪುಟ್ಟ ಬೋರ್ಡು ಇದೇ ಕೆಲಸವನ್ನು ನಾಲ್ಕೈದು ವಾಟ್‌ನಲ್ಲಿ ಮಾಡುತ್ತದೆ. "ಹಳೇದನ್ನು ಉಳಿಸಿ ಪರಿಸರ ಉಳಿಸಿದೆ" ಎಂದು ಹೇಳಿಕೊಂಡು ಹಗಲೂ ರಾತ್ರಿ 50 ವಾಟ್ ಉರಿಸುವುದು ಆತ್ಮವಂಚನೆ. ಗೃಹಜ್ಯೋತಿಯ ಲೆಕ್ಕವೂ ಇದೆ. 2022–23ರ ತಿಂಗಳ ಸರಾಸರಿಗೆ ಶೇ. 10ರಷ್ಟು ಸೇರಿಸಿ ಅಷ್ಟರವರೆಗೆ ಬಿಲ್ ಇಲ್ಲ, 200 ದಾಟಿದರೆ ಪೂರ್ತಿ ಕಟ್ಟಬೇಕು ಎಂದು 2023ರಲ್ಲಿ ಯೋಜನೆ ಬಂತಲ್ಲ. ಹೊಸದಾಗಿ 36 ಯೂನಿಟ್ ಸೇರಿಸುವವರು ಮೊದಲು ತಮ್ಮ ಬಿಲ್ ನೋಡಿಕೊಳ್ಳಲಿ. ನಮ್ಮ ಮನೆಯಲ್ಲಿ ಮಾತ್ರ ತಮಾಷೆಯಾಯಿತು. ಪೆಟ್ಟಿಗೆ 2021ರಿಂದಲೇ ಓಡುತ್ತಿದ್ದರಿಂದ ನಮ್ಮ ಸರಾಸರಿಯಲ್ಲಿ ಅದೂ ಸೇರಿತ್ತು. "ಆ ವರ್ಷ ಉರಿದದ್ದೇ ಒಳ್ಳೇದಾಯ್ತು ಬಿಡು" ಎಂದು ಅಮ್ಮನೇ ಅಂದಳು. ಇದನ್ನು ನನ್ನ ವಾದಕ್ಕೆ ಪುಷ್ಟಿ ಅಂತ ಬಳಸುವಷ್ಟು ನಾಚಿಕೆಗೆಟ್ಟಿಲ್ಲ.

ನಾನು ಮಾಡಿಕೊಂಡ ದಾರಿ ಬೇರೆ. ಯಾರೂ ಕೇಳದ ಹೊತ್ತಿನಲ್ಲಿ ಅದು ಎದ್ದಿರುವುದೇ ಬೇಡ. ಆ ಬಯಾಸಿನಲ್ಲೇ ಅಲಾರಂ ಇದೆ. ಸಂಜೆ ಐದಕ್ಕೆ ತಾನಾಗಿ ಏಳುತ್ತದೆ. ಅಪ್ಪ ಕೇಳುತ್ತಾರೆ. ಒಂಬತ್ತರ ನಂತರ ಬೆಂಗಳೂರಿನ ನನ್ನ ಫೋಟೋ, ಬರಹಗಳ ನಕಲು ಹೋಗಿ ಸೇರುತ್ತದೆ. ಹತ್ತೂವರೆಗೆ ತಾನಾಗಿ ಮಲಗುತ್ತದೆ. ದಿನಕ್ಕೆ ಐದೂವರೆ ಗಂಟೆ, ತಿಂಗಳಿಗೆ ಎಂಟೂಕಾಲು ಯೂನಿಟ್. ನಡುರಾತ್ರಿ ಎರಡಕ್ಕೆ ಹೋದ ಕರೆಂಟು ಬಂದರೆ ಮಾತ್ರ ಪಾಪ ಎದ್ದು ಕೂರುತ್ತದೆ. ಅದಕ್ಕೊಂದು ಉಪಾಯ ಇನ್ನೂ ಮಾಡಬೇಕು.

ಇಲ್ಲದ ಹಳೇ ಯಂತ್ರವನ್ನು ಹುಡುಕಿ ಕೊಳ್ಳಲು ನಾನು ಹೇಳುತ್ತಿಲ್ಲ. ಕೊಳ್ಳುವುದಾದರೆ ಪುಟ್ಟ ಬೋರ್ಡನ್ನೇ ಕೊಳ್ಳಿ. ಮನೆಯಲ್ಲಿ ಈಗಾಗಲೇ ಇರುವುದರ ಬಗ್ಗೆ ಮಾತ್ರ ನನ್ನ ಮಾತು. ಅದರಲ್ಲೂ ಒಂದು ಗೆರೆ ಎಳೆಯಬೇಕು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32 ಬಿಟ್‌ನ ಹಳೇ ಯಂತ್ರಗಳಿಗೆ ಕರ್ನಲ್ಲನ್ನೂ ಇನ್‌ಸ್ಟಾಲರನ್ನೂ ಕೊಡುವುದು ನಿಲ್ಲಿಸಿದೆ. ಕೋರ್ 2 ಡ್ಯುಯೋ 64 ಬಿಟ್ಟಿನದಾದ್ದರಿಂದ ನನ್ನದು ಬಚಾವು. ಅದಕ್ಕೂ ಹಿಂದಿನ ಎಷ್ಟೋ ಪೆಂಟಿಯಂ 4 ಯಂತ್ರಗಳು ಇನ್ನು ಸುರಕ್ಷತೆಯ ತೇಪೆಗಳಿಲ್ಲದೆ ಜಾಲದಲ್ಲಿರಬಾರದು. ಪರದೆ ಒಡೆದ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು, 15 ವಾಟ್ ಆಸುಪಾಸಿನಲ್ಲಿ ಓಡುತ್ತದೆ, ಮುಚ್ಚಳ ಮುಚ್ಚಿದರೆ ಮಲಗದಂತೆ ಒಂದು ಸಾಲು ಬದಲಾಯಿಸಿದರೆ ಸಾಕು. ಬ್ಯಾಟರಿ ಉಬ್ಬಿದೆಯೇ ಅಂತ ಮಾತ್ರ ಆಗಾಗ ನೋಡಿ. ಉಬ್ಬಿದ್ದರೆ ಕಿತ್ತುಬಿಡಿ.

ಇನ್ನೊಂದು ಮಾತು. ಮುಖ ಇಲ್ಲ ಅಂದಮೇಲೆ ರೌಟರಿನಲ್ಲಿ ಬಾಗಿಲು ತೆರೆದು ಇಡೀ ಜಗತ್ತಿಗೆ ಎಸ್‌ಎಸ್‌ಎಚ್ ತೋರಿಸುವವರಿದ್ದಾರೆ. ತೆರೆದ ಕೆಲವೇ ನಿಮಿಷದಲ್ಲಿ ಯಾವುದೋ ದೇಶದಿಂದ ಕದ ತಟ್ಟಲು ಶುರುವಾಗುತ್ತದೆ. ಬಾಗಿಲು ತೆರೆಯಬೇಡಿ. ನಾನು ಟೇಲ್‌ಸ್ಕೇಲ್ ಎಂಬ ಒಳದಾರಿ ಬಳಸುತ್ತೇನೆ, ಪಾಸ್‌ವರ್ಡ್ ಬದಲು ಕೀಲಿ ಕಡತ ಇಟ್ಟಿದ್ದೇನೆ. ಮತ್ತೆ ಆ 12 ಜಿಬಿಯ ಇನ್ನೊಂದು ಪ್ರತಿ ಬೆಂಗಳೂರಿನ ಮನೆಯ ಕಪಾಟಿನಲ್ಲಿದೆ. ಹದಿನೆಂಟು ವರ್ಷದ ಮದರ್‌ಬೋರ್ಡಿನ ಮೇಲೆ ಪ್ರೀತಿ ಇಡಬಹುದು, ನಂಬಿಕೆ ಇಡಬಾರದು.

ಸದ್ಯ ಪೆಟ್ಟಿಗೆಯ ಪಕ್ಕದ ಗೋಡೆಗೆ ಕೀಬೋರ್ಡ್ ನೇತಾಡುತ್ತಿದೆ. ಅದರ ಮೇಲೆ ಅಮ್ಮನೇ ತನ್ನ ಕೈಬರಹದಲ್ಲಿ ಬರೆದು ಅಂಟಿಸಿದ ಚೀಟಿ ಇದೆ: "ನೇರಳೆ ತೂತು. ನಮ್ ಲಾಕ್ ನೋಡು. ಎಫ್2. ಎಫ್1 ಅಲ್ಲ." ಕೊನೆಯ ಎರಡು ಪದದ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಅಂದಹಾಗೆ, ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ 2 ಜಿಬಿಯ ಡಿಡಿಆರ್2 ರ್‍ಯಾಮ್ ಕಡ್ಡಿ ಬಿದ್ದಿದ್ದರೆ ದಯವಿಟ್ಟು ಕಮೆಂಟಿನಲ್ಲಿ ತಿಳಿಸಿ. ಎಸ್.ಪಿ. ರೋಡಿನಲ್ಲಿ ಕೇಳಿದರೆ ನಗುತ್ತಾರೆ.